ಈಗ ತಿಪ್ಪೆ ಸಾರಿಸಲೇಬೇಕಾಗಿದೆ

ಹಲಸೂರಿನಿಂದ ಹೊರಟ ಹಳೆ ಮದ್ರಾಸ್ ರಸ್ತೆ ಇಂದಿರಾನಗರದ ಅಂಚನ್ನು ಬಳಸಿ, ಕೃಷ್ಣರಾಜಪುರದ ತೂಗುಸೇತುವೆಯನ್ನು ದಾಟಿ, ಹೊಸಕೋಟೆಯ ಕಡೆಗೆ ಸಾಗುತ್ತದೆ. ಅಪಾರ್ಟ್‌ಮೆಂಟುಗಳ ಸಾಲು ವಿರಳವಾಗಿ ಹೊಲಗಳು ಕಾಣಿಸತೊಡಗುವಲ್ಲಿ, ಯುಗಾದಿಯ ಆಸುಪಾಸಿನ ದಿನಗಳಲ್ಲಿ, ಒಂದು ಪರಿಚಿತ ದೃಶ್ಯ ಎದುರಾಗುತ್ತದೆ. ಕೆಂಪು ನೆಲದ ಮೇಲೆ ಅಳೆದು ಇಟ್ಟಂತೆ ಕೊಟ್ಟಿಗೆ ಗೊಬ್ಬರದ ಸಣ್ಣ ಸಣ್ಣ ಗುಡ್ಡೆಗಳು. ವರ್ಷವಿಡೀ ತಿಪ್ಪೆಯಲ್ಲಿ ಕೂಡಿಟ್ಟ ಗೊಬ್ಬರವನ್ನು ಬೇಸಿಗೆಯ ಬಿಡುವಿನಲ್ಲಿ ಟ್ರ್ಯಾಕ್ಟರಿನಲ್ಲಿ ತಂದು ಸುರಿದಿರುತ್ತಾರೆ. ಮಳೆ ಬಿದ್ದ ಮೇಲೆ ಅದನ್ನು ಹರಡಿ, ಉತ್ತು, ರಾಗಿ ಬಿತ್ತುವುದು ವಾಡಿಕೆ. ಅಲ್ಲಿಯವರೆಗೆ, ಕೆಲವೊಮ್ಮೆ ವಾರಗಟ್ಟಲೆ, ಗುಡ್ಡೆಗಳು ಬಿಸಿಲಿನಲ್ಲಿ ಒಣಗುತ್ತಿರುತ್ತವೆ.

ಕಾರಿನ ಗಾಜು ಇಳಿಸಿದರೆ ಮೂಗಿಗೆ ಬಡಿಯುವ ಘಾಟನ್ನು ನಗರವಾಸಿಗಳು ಹಳ್ಳಿಯ ವಾಸನೆಯೆಂದು ಸಹಿಸಿಕೊಳ್ಳುತ್ತಾರೆ. ವಾಸ್ತವವಾಗಿ ಅದು ನಷ್ಟದ ವಾಸನೆ. ಗೊಬ್ಬರದಲ್ಲಿರುವ ಸಾರಜನಕ ಅಮೋನಿಯದ ರೂಪದಲ್ಲಿ ಗಾಳಿಗೆ ಸೇರುತ್ತಿದೆ ಎಂಬುದರ ಸೂಚನೆ ಅದು. ಅದರ ಬೆನ್ನಿಗೇ, ಯಾವ ವಾಸನೆಯನ್ನೂ ಸೂಸದ ಇನ್ನೊಂದು ಅನಿಲವೂ ಹೊರಡುತ್ತದೆ. ಅದೇ ನೈಟ್ರಸ್ ಆಕ್ಸೈಡ್. ವೈದ್ಯರು ಅರಿವಳಿಕೆಗೆ ಬಳಸುವ, ನಗೆ ಅನಿಲವೆಂದು ಹೆಸರಾದ ಈ ವಸ್ತು ವಾತಾವರಣದ ಮಟ್ಟಿಗೆ ನಗುವ ಸಂಗತಿಯೇನಲ್ಲ. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ ಒಂದು ಕಿಲೊ ನೈಟ್ರಸ್ ಆಕ್ಸೈಡ್ 273 ಕಿಲೊ ಇಂಗಾಲದ ಡೈ ಆಕ್ಸೈಡಿನಷ್ಟು ಶಾಖವನ್ನು ಹಿಡಿದಿಡುತ್ತದೆ. ಜೊತೆಗೆ ಓಜೋನ್ ಪದರವನ್ನೂ ಸವೆಸುತ್ತದೆ.

ಸಾವಯವ ಕೃಷಿಯನ್ನು ಪರಿಸರದ ಪರಮೌಷಧವೆಂದು ನಂಬಿರುವ ನಮಗೆ ಇದು ಕಹಿಯಾದ ಸುದ್ದಿ. ರಸಗೊಬ್ಬರವನ್ನು ದೂರಿ ಸಗಣಿಯನ್ನು ಹೊಗಳುವುದು ಸುಲಭ. ಆದರೆ ಮಣ್ಣಿನ ಸೂಕ್ಷ್ಮಾಣುಗಳಿಗೆ ಇಂಥ ಪಕ್ಷಪಾತವಿಲ್ಲ. ಸಾರಜನಕ ಯೂರಿಯಾದಿಂದ ಬರಲಿ, ಸಗಣಿಯಿಂದ ಬರಲಿ, ಬೆಳೆಯ ಬೇರು ಹೀರಿಕೊಳ್ಳದೆ ಬಿಟ್ಟದ್ದನ್ನು ಅವು ತಮ್ಮ ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ಆ ಕ್ರಿಯೆಯಲ್ಲಿ ಒಂದಂಶ ನೈಟ್ರಸ್ ಆಕ್ಸೈಡಾಗಿ ಮೇಲೇರುತ್ತದೆ. ಒಣಗಿ ಬಿರಿದ ನೆಲಕ್ಕೆ ಮೊದಲ ಮಳೆ ಬಿದ್ದ ದಿನಗಳಲ್ಲಿ ಈ ಚಟುವಟಿಕೆ ಒಮ್ಮೆಲೇ ಚುರುಕಾಗುತ್ತದೆ. ಬೆಳೆ ಇನ್ನೂ ಮೊಳೆಯದಿರುವ, ಸಾರಜನಕವನ್ನು ಬೇಡುವ ಬೇರೇ ಇಲ್ಲದಿರುವ ಸಮಯವೂ ಅದೇ.

ಲೆಕ್ಕ ಏನು ಹೇಳುತ್ತದೆ?

ಭಯಪಡುವ ಮುನ್ನ ಲೆಕ್ಕ ನೋಡೋಣ. ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ ಶೇ 0.5ರಷ್ಟು ಸಾರಜನಕವಿರುತ್ತದೆ. ಒಂದು ಹೆಕ್ಟೇರ್ ರಾಗಿ ಹೊಲಕ್ಕೆ 10 ಟನ್ ಗೊಬ್ಬರ ಹಾಕಿದರೆ 50 ಕಿಲೊ ಸಾರಜನಕ ಕೊಟ್ಟಂತೆ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿ (ಐಪಿಸಿಸಿ) 2006ರಲ್ಲಿ ನೀಡಿದ ಸೂತ್ರದಂತೆ ಇದರಲ್ಲಿ ಶೇ 1ರಷ್ಟು ನೈಟ್ರಸ್ ಆಕ್ಸೈಡಾಗಿ ನೇರವಾಗಿ ಹೊರಹೋಗುತ್ತದೆ. 2019ರಲ್ಲಿ ಪರಿಷ್ಕರಿಸಿದ ಸೂತ್ರವು ಒಣ ಹವೆಯ ಪ್ರದೇಶಗಳಿಗೆ ಅದನ್ನು ಅರ್ಧಕ್ಕೆ ಇಳಿಸಿದೆ. ಇಂಗಾಲದ ಡೈ ಆಕ್ಸೈಡಿನ ಭಾಷೆಗೆ ತಿರುಗಿಸಿದರೆ ಹೆಕ್ಟೇರಿಗೆ ಸುಮಾರು 105ರಿಂದ 215 ಕಿಲೊ. ಒಂದು ಲೀಟರ್ ಪೆಟ್ರೋಲು ಉರಿದಾಗ 2.3 ಕಿಲೊ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ಅಂದರೆ ಕೃಷ್ಣರಾಜಪುರದಿಂದ ಶಿವಾಜಿನಗರಕ್ಕೆ ದಿನವೂ ಒಬ್ಬರೇ ಕಾರಿನಲ್ಲಿ ಹೋಗಿ ಬರುವವರು ಒಂದೆರಡು ತಿಂಗಳಲ್ಲಿ ಉಗುಳುವಷ್ಟನ್ನು, ಹತ್ತಾರು ಕ್ವಿಂಟಲ್ ರಾಗಿ ಕೊಡಬಲ್ಲ ಒಂದು ಹೆಕ್ಟೇರ್ ಹೊಲ ಇಡೀ ವರ್ಷದಲ್ಲಿ ಗೊಬ್ಬರದ ದೆಸೆಯಿಂದ ಉಗುಳುತ್ತದೆ.

ಹೀಗಿರುವಾಗ ಕಾರಿನಲ್ಲಿ ಕುಳಿತವರು ರೈತನತ್ತ ಬೆರಳು ತೋರುವುದು ಸಲ್ಲದು. ಆದರೆ ಇಷ್ಟಕ್ಕೇ ನಿಟ್ಟುಸಿರು ಬಿಟ್ಟು ಸುಮ್ಮನಾಗುವಂತೆಯೂ ಇಲ್ಲ. ಈ ಲೆಕ್ಕ ಹೊಲಕ್ಕೆ ತಲುಪಿದ ಗೊಬ್ಬರದ್ದು ಮಾತ್ರ. ತೆರೆದ ತಿಪ್ಪೆಯಲ್ಲಿ ಬಿಸಿಲು ಮಳೆಗೆ ಸಿಕ್ಕ ಗೊಬ್ಬರ ಹೊಲ ಸೇರುವ ಮುನ್ನವೇ ತನ್ನ ಸಾರಜನಕದ ಅರ್ಧದವರೆಗೂ ಕಳೆದುಕೊಳ್ಳಬಲ್ಲದು. ಹಸು ವಿಸರ್ಜಿಸುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಗಂಜಲದಲ್ಲಿರುತ್ತದೆ. ಅದು ಕೊಟ್ಟಿಗೆಯ ನೆಲದಲ್ಲೇ ಇಂಗಿ ಅಥವಾ ಹರಿದು ಹೋಗುತ್ತದೆ. ಹೀಗೆ ಕಳೆದುಹೋದ ಅಮೋನಿಯ ಬೇರೆಲ್ಲೋ ನೆಲಕ್ಕಿಳಿದು, ಅಲ್ಲಿ ಮತ್ತೊಂದಿಷ್ಟು ನೈಟ್ರಸ್ ಆಕ್ಸೈಡಿಗೆ ಕಾರಣವಾಗುತ್ತದೆ. ಇತ್ತ ಸೊರಗಿದ ಗೊಬ್ಬರ ಹಾಕಿದ ರೈತ ಬೆಳೆ ಹಳದಿ ತಿರುಗಿದಾಗ ಯೂರಿಯಾ ಮೂಟೆ ಬಿಚ್ಚುತ್ತಾನೆ. ಅದರ ತಯಾರಿಕೆಯಲ್ಲಿ ನೈಸರ್ಗಿಕ ಅನಿಲ ಉರಿದಿರುತ್ತದೆ. ಅದನ್ನು ಎರಚಿದ ಮೇಲೆ ಹೊಲದಿಂದ ಇನ್ನೊಮ್ಮೆ ನೈಟ್ರಸ್ ಆಕ್ಸೈಡ್ ಏಳುತ್ತದೆ. ಒಂದೇ ಸೋರಿಕೆಗೆ ವಾತಾವರಣ ಎರಡೆರಡು ಬಾರಿ ಬೆಲೆ ತೆರುತ್ತದೆ; ರೈತನೂ ತೆರುತ್ತಾನೆ.

ಮೀಥೇನ್ ಕಥೆ ಬೇರೆ. ಗಾಳಿಯಾಡುವ ಒಣ ತಿಪ್ಪೆಯಲ್ಲಿ ಅದು ಹೆಚ್ಚು ಹುಟ್ಟುವುದಿಲ್ಲ. ಸಗಣಿಯಿಂದ ಹುಟ್ಟಬಹುದಾದ ಗರಿಷ್ಠ ಮೀಥೇನಿನಲ್ಲಿ ಶೇ 4-5ರಷ್ಟು ಮಾತ್ರ ಅಲ್ಲಿಂದ ಹೊರಬೀಳುತ್ತದೆ ಎಂಬುದು ಐಪಿಸಿಸಿಯ 2006ರ ಅಂದಾಜು. ಅದೇ ಸಗಣಿಯನ್ನು ನೀರಿನಲ್ಲಿ ಕಲಸಿ ಗುಂಡಿಯಲ್ಲಿ ನಿಲ್ಲಿಸಿದರೆ ಬೆಂಗಳೂರಿನಂಥ ಹವೆಯಲ್ಲಿ ಈ ಪ್ರಮಾಣ ಅರ್ಧವನ್ನು ಮೀರುತ್ತದೆ. ಸಗಣಿ ಒಂದೇ, ಇಟ್ಟ ಬಗೆ ಬೇರೆ, ಫಲ ಬೇರೆ. ಈ ಇಡೀ ಚರ್ಚೆಯ ತಿರುಳೂ ಇದೇ. ದೋಷ ಗೊಬ್ಬರದ್ದಲ್ಲ, ಅದನ್ನು ಇಡುವ, ಸಾಗಿಸುವ, ಹಾಕುವ ಕ್ರಮದ್ದು.

ಬೆಂಗಳೂರಿನದೇ ಹೆಸರಿನ ಪದ್ಧತಿ

ಈ ಸೋರಿಕೆಯ ಬಗ್ಗೆ ಜಗತ್ತಿನಲ್ಲಿ ಬಹು ಮೊದಲು ತಲೆಕೆಡಿಸಿಕೊಂಡ ಊರುಗಳಲ್ಲಿ ಬೆಂಗಳೂರೂ ಒಂದು ಎಂಬುದನ್ನು ನಾವು ಮರೆತಿದ್ದೇವೆ. ಚರಂಡಿ ನೀರಿನ ಶುದ್ಧೀಕರಣದಲ್ಲಿ ಹೆಸರು ಮಾಡಿದ್ದ ಬ್ರಿಟಿಷ್ ರಸಾಯನ ವಿಜ್ಞಾನಿ ಗಿಲ್ಬರ್ಟ್ ಫೌಲರ್ 1916ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1934ರಲ್ಲಿ ಅವರು ಪ್ರಕಟಿಸಿದ ಗ್ರಂಥದ ವಿಷಯವೇ ಸಾರಜನಕದ ಸಂರಕ್ಷಣೆ. ನಗರದ ಕೊಳೆಯಲ್ಲಿ ವ್ಯರ್ಥವಾಗುವ ಸಾರಜನಕ ಹೊಲಕ್ಕೆ ಮರಳಬೇಕು ಎಂಬುದು ಆ ಕಾಲದ ದೊಡ್ಡ ಚಿಂತೆಯಾಗಿತ್ತು. 1939ರಲ್ಲಿ ಸಿ.ಎನ್. ಆಚಾರ್ಯ ಅವರು ಇಲ್ಲಿ ರೂಪಿಸಿದ ವಿಧಾನ ‘ಬೆಂಗಳೂರು ಪದ್ಧತಿ’ ಎಂದೇ ಕೃಷಿ ಪಠ್ಯಗಳನ್ನು ಸೇರಿದೆ. ಕಸ ಮತ್ತು ಮಲವನ್ನು ಕಂದಕದಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಕಸದ ದಪ್ಪ ಹೊದಿಕೆ ಕೊಟ್ಟು, ಮಣ್ಣಿನಿಂದ ಮೆತ್ತಿ ಮುಚ್ಚುವುದು. ಆರರಿಂದ ಎಂಟು ತಿಂಗಳು ಅಲುಗಿಸದೆ ಬಿಡುವುದು. ಪದೇ ಪದೇ ಮಗುಚಿ ಹಾಕಬೇಕಾದ, ಆಲ್ಬರ್ಟ್ ಹೊವಾರ್ಡರ ಇಂದೋರ್ ಪದ್ಧತಿಗಿಂತ ಇದರಲ್ಲಿ ಶ್ರಮ ಕಡಿಮೆ, ಸಾರಜನಕದ ನಷ್ಟವೂ ಕಡಿಮೆ.

ಆ ಕಾಲವನ್ನು ಹಂಬಲಿಸಬೇಕಾದ ಅಗತ್ಯವಿಲ್ಲ. ದಂಡು ಪ್ರದೇಶದ ಬಂಗಲೆಗಳಿಂದಲೂ ಪೇಟೆಯ ಮನೆಗಳಿಂದಲೂ ಆ ಮಲವನ್ನು ಕಂದಕದವರೆಗೆ ಹೊತ್ತದ್ದು ಮನುಷ್ಯರು, ಅದೂ ಜಾತಿಯ ಕಾರಣಕ್ಕೆ ಆ ಕೆಲಸಕ್ಕೆ ತಳ್ಳಲ್ಪಟ್ಟವರು. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ನಾಡಿನ ಅತ್ಯಂತ ನ್ಯಾಯವಾದ ನಿರ್ಧಾರಗಳಲ್ಲೊಂದು. ವಿಜ್ಞಾನದ ದೃಷ್ಟಿಯಿಂದಲೂ ಬೆಂಗಳೂರು ಪದ್ಧತಿಗೆ ಒಂದು ಮಿತಿಯಿದೆ. ಗಾಳಿಯಾಡದಂತೆ ಮುಚ್ಚಿದಾಗ ಸಾರಜನಕ ಉಳಿಯುತ್ತದೆ, ಆದರೆ ಮೀಥೇನ್ ಹುಟ್ಟಲು ಅನುಕೂಲವಾಗುತ್ತದೆ. 1939ರಲ್ಲಿ ಯಾರಿಗೂ ಮೀಥೇನಿನ ಲೆಕ್ಕ ಬೇಕಿರಲಿಲ್ಲ. ಇಂದು ಬೇಕಾಗಿದೆ.

ಕಡಿದ ಕೊಂಡಿ

ಅನಂತರದ ದಶಕಗಳಲ್ಲಿ ನಗರ ಮತ್ತು ಹೊಲದ ನಡುವಣ ಕೊಂಡಿ ಕಳಚಿತು. 1949ರಲ್ಲಿ ದಂಡು ಮತ್ತು ಪೇಟೆ ಒಂದೇ ಪಾಲಿಕೆಯ ಅಡಿಗೆ ಬಂದವು. ಕ್ರಮೇಣ ಒಳಚರಂಡಿ ಹಬ್ಬಿತು. ಹಲಸೂರು, ಶಿವಾಜಿನಗರದ ಕಡೆಯ ಕೊಳಚೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಇಳಿಜಾರು ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳತ್ತ ಹರಿಯಿತು. ಹಳೆಯ ಊರಕೇರಿಗಳಲ್ಲಿ ಹಸು ಸಾಕಿರುವ ಮನೆಗಳು ಇಂದಿಗೂ ಇವೆ. ಅವರಿಗೆ ತಿಪ್ಪೆ ಹಾಕಲು ಜಾಗವಿಲ್ಲ. ಸೈಟಿನ ಬೆಲೆ ಕೋಟಿ ದಾಟಿದ ಕಡೆ ತಿಪ್ಪೆಗುಂಡಿ ಎಲ್ಲಿಂದ ಬರಬೇಕು? ನೀರು ಬಿಟ್ಟು ಕೊಟ್ಟಿಗೆ ತೊಳೆದರೆ ಸಗಣಿ, ಗಂಜಲ ಎರಡೂ ಮೋರಿಗೆ. ಯಾವ ಸ್ಥಿತಿಯಲ್ಲಿ ಸಗಣಿ ಅತ್ಯಂತ ಹೆಚ್ಚು ಮೀಥೇನ್ ಉಗುಳುತ್ತದೆಯೋ ಅದೇ ಸ್ಥಿತಿಗೆ ನಗರ ಅದನ್ನು ತಳ್ಳುತ್ತದೆ.

ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದು, 2017ರ ಫೆಬ್ರುವರಿಯಲ್ಲಿ ಕೆರೆಯಿಂದ ಹೊಗೆ ಎದ್ದದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅದರಲ್ಲಿ ಸಗಣಿಯ ಪಾಲು ಅಲ್ಪ, ಮನೆಗಳ ಕೊಳಚೆಯ ಪಾಲೇ ದೊಡ್ಡದು. ಆದರೂ ಪಾಠ ಒಂದೇ: ಹೊಲದಲ್ಲಿ ಗೊಬ್ಬರವಾಗಬೇಕಾದದ್ದು ನೀರಿನಲ್ಲಿ ವಿಷವಾಯಿತು. ಇನ್ನು ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಹಿಡಿದು ನಮ್ಮೆಲ್ಲರ ಅಡುಗೆಮನೆಗಳವರೆಗಿನ ಹಸಿ ಕಸ. ಪ್ಲಾಸ್ಟಿಕ್ಕು, ಗಾಜಿನ ಚೂರು ಸೇರಿದ ಕಸದ ಗೊಬ್ಬರವನ್ನು ಯಾವ ರೈತ ತಾನೇ ಒಪ್ಪಿಯಾನು? ಅದು ಮಂಡೂರಿನಲ್ಲಿ ಬೆಟ್ಟವಾಗಿ ಬೆಳೆಯಿತು. 2014ರಲ್ಲಿ ಗ್ರಾಮಸ್ಥರು ಬೀದಿಗಿಳಿದು ಹೋರಾಡಿದ ಮೇಲೆಯೇ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿದ್ದು. 1975ರಲ್ಲಿಯೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿದ್ದ ರಾಜ್ಯ ತಲುಪಿದ ಸ್ಥಿತಿ ಇದು.

2018ರಿಂದ ಇದೇ ಕಣಿವೆಯ ನೀರು ಎರಡನೇ ಹಂತದವರೆಗೆ ಶುದ್ಧಗೊಂಡು ಕೊಳವೆಗಳಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹೋಗುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ಸಾಮರ್ಥ್ಯದ ಯೋಜನೆ ಅದು. ಬರಡು ಕೆರೆಗಳು ತುಂಬಿದ್ದನ್ನು ಸಂಭ್ರಮಿಸಿದವರೂ ಇದ್ದಾರೆ, ನೀರಿನ ಗುಣಮಟ್ಟವನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದವರೂ ಇದ್ದಾರೆ. ಎರಡು ವಾದಗಳ ನಡುವೆ ಒಂದು ಸತ್ಯ ಮರೆಯಾಗಿದೆ. ಹಳೆ ಮದ್ರಾಸ್ ರಸ್ತೆಯಲ್ಲಿ ಹಾಲು, ತರಕಾರಿ, ಟೊಮೆಟೊ ರೂಪದಲ್ಲಿ ಪೂರ್ವದಿಂದ ಬೆಂಗಳೂರಿಗೆ ಬರುವ ಸಾರಜನಕದಲ್ಲಿ ಒಂದಿಷ್ಟು ಈ ನೀರಿನ ಮೂಲಕ, ಯಾರ ಲೆಕ್ಕಕ್ಕೂ ಸಿಗದೆ, ಪೂರ್ವಕ್ಕೇ ಮರಳುತ್ತಿದೆ.

ಅನಿಲವನ್ನು ಒಲೆಗೆ, ಬಗ್ಗಡವನ್ನು ಹೊಲಕ್ಕೆ

ಸಾರಜನಕ ಉಳಿಸಿದರೆ ಮೀಥೇನ್, ಮೀಥೇನ್ ತಪ್ಪಿಸಿದರೆ ಸಾರಜನಕದ ನಷ್ಟ. ಈ ಇಕ್ಕಟ್ಟಿಗೆ ಉತ್ತರ ಕೊಟ್ಟವರೂ ನಮ್ಮವರೇ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡ ಗ್ರಾಮಗಳಿಗೆ ಒಗ್ಗುವ ತಂತ್ರಜ್ಞಾನವನ್ನು ಅರಸಿ ಹೊರಟಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಗೋಬರ್ ಅನಿಲ ಸ್ಥಾವರ ಎದ್ದಿತು. ಅಡುಗೆಗೆಂದು ಯೋಚಿಸಿದ್ದ ಅನಿಲ ಎಲ್ಲ ಮನೆಗಳಿಗೂ ಸಾಲದು ಎಂಬುದು ಅನುಭವದಿಂದ ತಿಳಿಯಿತು. ತಂಡ ಪಟ್ಟು ಹಿಡಿಯದೆ ದಾರಿ ಬದಲಿಸಿತು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ಊರಿಗೆ ಕುಡಿಯುವ ನೀರು, ಮನೆಗಳಿಗೆ ದೀಪ ಒದಗಿಸಿತು. ಸಗಣಿ ತಂದುಕೊಟ್ಟ ಮನೆಗಳಿಗೆ ಅನಿಲ ತೆಗೆದ ಬಗ್ಗಡವನ್ನು ಗೊಬ್ಬರವಾಗಿ ಮರಳಿಸುವ ವ್ಯವಸ್ಥೆ ಅಲ್ಲಿತ್ತು. ರೈತ ಕಳೆದುಕೊಂಡದ್ದು ಮೀಥೇನನ್ನು ಮಾತ್ರ. ಸಾರಜನಕ ಅವನಲ್ಲಿಗೇ ಹಿಂದಿರುಗಿತು.

ಮುಂದೆ ಮನೆಮಟ್ಟದ ಸ್ಥಾವರಗಳು ಬೆಂಗಳೂರಿನ ಪೂರ್ವ ಮತ್ತು ಉತ್ತರದ ಬಯಲುಸೀಮೆಯಲ್ಲಿ ಹರಡಿದವು. ಕೋಲಾರದ ಎಸ್‌ಕೆಜಿ ಸಂಘ ಈ ಕೆಲಸಕ್ಕಾಗಿ 2007ರಲ್ಲಿ ಅಂತರರಾಷ್ಟ್ರೀಯ ಆಶ್ಡೆನ್ ಪ್ರಶಸ್ತಿ ಪಡೆಯಿತು. ಬಾಗೇಪಲ್ಲಿಯ ಕೂಲಿ ಸಂಘದ 5,500 ಸ್ಥಾವರಗಳ ಯೋಜನೆ 2005ರಲ್ಲಿ ಕ್ಯೋಟೊ ಒಪ್ಪಂದದಡಿ ನೋಂದಣಿಯಾಯಿತು. ಬಡ ಕೂಲಿಕಾರರ ಒಲೆಯ ಹೊಗೆ ತಗ್ಗಿದ್ದಕ್ಕೆ ಶ್ರೀಮಂತ ದೇಶಗಳು ಹಣ ಕೊಡಬೇಕೆಂಬ ವಾದ ಹೀಗೆ ಒಂದು ರೂಪ ತಾಳಿತು.

ಗೋಬರ್ ಅನಿಲವೂ ಸರ್ವರೋಗ ನಿವಾರಕವಲ್ಲ. ಅದಕ್ಕೆ ದಿನವೂ ಸಗಣಿ ಬೇಕು, ನೀರು ಬೇಕು, ಕಲಸುವ ಕೈಗಳು ಬೇಕು. ಡ್ರಮ್ಮು ಸೀಳಿದರೆ, ಗುಮ್ಮಟ ಬಿರುಕುಬಿಟ್ಟರೆ ಹಿಡಿದಿಟ್ಟ ಮೀಥೇನೇ ಸೋರುತ್ತದೆ. ಬಗ್ಗಡದಲ್ಲಿ ಅಮೋನಿಯದ ಪ್ರಮಾಣ ಹೆಚ್ಚಾಗಿರುವುದರಿಂದ ಅದನ್ನು ಬಿಸಿಲಲ್ಲಿ ಒಣಗಿಸಿದರೆ ಅಥವಾ ಮಣ್ಣಿನ ಮೇಲೆ ಹಾಗೇ ಚೆಲ್ಲಿದರೆ ಸಾರಜನಕ ಇನ್ನೂ ಬೇಗ ಹಾರಿಹೋಗುತ್ತದೆ. ಆದ್ದರಿಂದ ಅನಿಲ ತೆಗೆದ ಮೇಲೂ ಗೊಬ್ಬರವನ್ನು ಮಣ್ಣಿಗೆ ಸೇರಿಸುವ ಕ್ರಮದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಯಾರ ಹೊಣೆ?

ಯುರೋಪಿನ ಉದಾಹರಣೆಯನ್ನು ಇಲ್ಲಿ ಎಚ್ಚರದಿಂದ ನೋಡಬೇಕು. ಸಗಣಿಯ ಬಗ್ಗಡವನ್ನು ನೆಲದ ಮೇಲೆ ಎರಚದೆ ಮಣ್ಣಿನೊಳಗೆ ಸೇರಿಸಬೇಕೆಂಬ ನಿಯಮ ನೆದರ್ಲೆಂಡ್ಸಿನಲ್ಲಿ 1990ರ ದಶಕದಿಂದ ಇದೆ. ಜಾನುವಾರುಗಳ ಹಸಿರುಮನೆ ಅನಿಲಕ್ಕೆ 2030ರಿಂದ ತೆರಿಗೆ ವಿಧಿಸಲು ಡೆನ್ಮಾರ್ಕ್ 2024ರಲ್ಲಿ ನಿರ್ಧರಿಸಿತು. ಆದರೆ ಅವರ ಸಮಸ್ಯೆ ಗೊಬ್ಬರದ ಅತಿವೃಷ್ಟಿ, ನಮ್ಮದು ಅನಾವೃಷ್ಟಿ. ನಮ್ಮ ಕೆಂಪು ಮಣ್ಣಿಗೆ ಸಾವಯವ ಇಂಗಾಲ ತೀರಾ ಬೇಕಾಗಿದೆ. 1978ರಿಂದ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಗಿಯ ಮೇಲೆ ನಡೆದ ದೀರ್ಘಕಾಲಿಕ ಪ್ರಯೋಗ, ಕೊಟ್ಟಿಗೆ ಗೊಬ್ಬರದ ಜೊತೆಗೆ ಹದವರಿತು ರಸಗೊಬ್ಬರ ಕೊಟ್ಟ ತಾಕುಗಳಲ್ಲಿಯೇ ಇಳುವರಿಯೂ ಮಣ್ಣಿನ ಇಂಗಾಲವೂ ಮೇಲುಗೈ ಸಾಧಿಸುವುದನ್ನು ತೋರಿಸಿದೆ. ಗೊಬ್ಬರ ನಿಲ್ಲಿಸುವ ಮಾತು ಅವಿವೇಕ. ಒಂದೇ ಏಟಿಗೆ ರಸಗೊಬ್ಬರ ನಿಷೇಧಿಸುವುದೂ ಅಷ್ಟೇ ಅವಿವೇಕ. 2021ರಲ್ಲಿ ಅದನ್ನು ಮಾಡಿದ ಶ್ರೀಲಂಕಾ ಕೆಲವೇ ತಿಂಗಳಲ್ಲಿ ಹಿಂದೆ ಸರಿಯಬೇಕಾಯಿತು.

ಮಾಡಬೇಕಾದ ಕೆಲಸಗಳಲ್ಲಿ ಹೊಸತೇನೂ ಇಲ್ಲ. ತಿಪ್ಪೆಗೆ ನೆರಳು, ಮೇಲೆ ಮಣ್ಣಿನ ಹೊದಿಕೆ. ಕೊಟ್ಟಿಗೆಯಲ್ಲಿ ಗಂಜಲ ಹೀರಿಕೊಳ್ಳಲು ಒಣ ತರಗು, ರಾಗಿ ಹುಲ್ಲಿನ ಉಳಿಕೆ. ನೀರು ನಿಲ್ಲದ ಜಾಗ. ಹೊಲಕ್ಕೆ ಸಾಗಿಸಿದ ಗೊಬ್ಬರವನ್ನು ವಾರಗಟ್ಟಲೆ ಗುಡ್ಡೆಯಲ್ಲಿ ಬಿಡದೆ ಹರಡಿದ ದಿನವೇ ಮಣ್ಣಿಗೆ ಸೇರಿಸುವುದು. ಗೊಬ್ಬರದಲ್ಲಿ ಬಂದ ಸಾರಜನಕದಷ್ಟನ್ನು ಯೂರಿಯಾದಲ್ಲಿ ಕಡಿತ ಮಾಡುವುದು. ಇವನ್ನೆಲ್ಲ ಕೃಷಿ ವಿಶ್ವವಿದ್ಯಾಲಯಗಳು ಬಹುಕಾಲದಿಂದ ಹೇಳುತ್ತಿವೆ. ರೈತರಿಗೆ ಗೊತ್ತಿಲ್ಲದ ಸಂಗತಿಗಳೂ ಇವಲ್ಲ.

ಹಾಗಾದರೆ ಏಕೆ ನಡೆಯುತ್ತಿಲ್ಲ? ಉತ್ತರ ಅಂಗಡಿಯಲ್ಲಿದೆ. 45 ಕಿಲೊ ಯೂರಿಯಾ ಮೂಟೆಯ ಬೆಲೆ, ತೆರಿಗೆ ಬಿಟ್ಟು, 242 ರೂಪಾಯಿ. ಅದರಲ್ಲಿರುವ ಸಾರಜನಕ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರದಲ್ಲಿರುವಷ್ಟು. ನಾಲ್ಕು ಟನ್ ಗೊಬ್ಬರವನ್ನು ಮುಚ್ಚಿ, ಕಾಯ್ದು, ಸಾಗಿಸಿ, ಹರಡುವ ಆಳಿನ ಖರ್ಚು ಅದರ ಹತ್ತಾರು ಪಟ್ಟು. ಸರ್ಕಾರ ಯೂರಿಯಾಕ್ಕೆ ಭಾರಿ ಸಹಾಯಧನ ಕೊಟ್ಟು, ತಿಪ್ಪೆ ಕಾಯುವವನಿಗೆ ಉಪದೇಶ ಮಾತ್ರ ಕೊಟ್ಟರೆ ಆತ ಯಾವುದನ್ನು ಆರಿಸಿಯಾನು? 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಾವಯವ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವು ಘೋಷಿಸಿತು. ಅದು ಸಲ್ಲುವುದು ಗೋಬರ್‌ಧನ್ ಯೋಜನೆಯ ಅನಿಲ ಸ್ಥಾವರಗಳಿಂದ ಹೊರಬರುವ ಗೊಬ್ಬರಕ್ಕೆ. ನಾಲ್ಕು ಹಸು ಕಟ್ಟಿಕೊಂಡು ತನ್ನ ಗೊಬ್ಬರವನ್ನು ತಾನೇ ಜೋಪಾನ ಮಾಡುವ ಮನೆಗೆ ಅದರಲ್ಲಿ ಪಾಲಿಲ್ಲ. ಆ ಹಣದ ಸಣ್ಣದೊಂದು ಭಾಗ ಮುಚ್ಚಿದ ತಿಪ್ಪೆಗೆ, ಗಂಜಲದ ತೊಟ್ಟಿಗೆ, ನಿಂತುಹೋದ ಗೋಬರ್ ಅನಿಲ ಸ್ಥಾವರಗಳ ದುರಸ್ತಿಗೆ ಸಿಗಬೇಕು. ಹಾಲಿಗೆ ಲೀಟರಿನ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡುವ ರಾಜ್ಯಕ್ಕೆ, ಹಳ್ಳಿ ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘಗಳಿರುವ ನಾಡಿಗೆ, ಇದು ಅಸಾಧ್ಯವೇನಲ್ಲ. ಹಾಲು ಅಳೆಯುವ ಸಂಘವೇ ಗೊಬ್ಬರದ ಗುಣವನ್ನೂ ಅಳೆಯಬಹುದು.

ನಗರದ ಹೊಣೆಯೂ ಉಂಟು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಸ್ಥಾನಕ್ಕೆ ಐದು ಪಾಲಿಕೆಗಳು ಬಂದವು. ಕೃಷ್ಣರಾಜಪುರ, ಮಹದೇವಪುರಗಳನ್ನೊಳಗೊಂಡ ಪೂರ್ವ ಪಾಲಿಕೆಯ ಗಡಿ ಹೊಲಗಳಿಗೇ ತಾಗಿಕೊಂಡಿದೆ. ಊರಕೇರಿಗಳ ಕೊಟ್ಟಿಗೆಗಳಿಂದ ಸಗಣಿ ಸಂಗ್ರಹಿಸುವ ಗಾಡಿ, ಪ್ಲಾಸ್ಟಿಕ್ ಬೆರೆಯದ ಹಸಿ ಕಸ, ಎರಡನ್ನೂ ಸೇರಿಸಿ ಅನಿಲ ತೆಗೆಯುವ ಸ್ಥಾವರ, ಅಲ್ಲಿಂದ ಹೊಸಕೋಟೆಯ ಹೊಲಗಳಿಗೆ ಪರೀಕ್ಷೆಗೊಳಪಟ್ಟ ಗೊಬ್ಬರ — ಇಷ್ಟನ್ನು ಹೊಸ ಪಾಲಿಕೆ ತನ್ನ ಮೊದಲ ಕೆಲಸಗಳಲ್ಲಿ ಸೇರಿಸಿಕೊಂಡರೆ ಅದು 1939ರ ಬೆಂಗಳೂರು ಪದ್ಧತಿಗೆ, ಯಾರ ತಲೆಯ ಮೇಲೂ ಹೊರೆ ಹೊರಿಸದೆ ಬರೆದ ಮುಂದಿನ ಅಧ್ಯಾಯವಾದೀತು. ಕಸ ಬೇರ್ಪಡಿಸದೆ ಚೀಲ ಕಟ್ಟಿ ಬೀದಿ ಮೂಲೆಗೆ ಎಸೆಯುವ ನಮ್ಮ ಪಾಲಿನ ತಪ್ಪನ್ನು ಮಾತ್ರ ಯಾವ ಪಾಲಿಕೆಯೂ ತಿದ್ದಲಾರದು.

ಕನ್ನಡದಲ್ಲಿ ‘ತಿಪ್ಪೆ ಸಾರಿಸುವುದು’ ಎಂದರೆ ಹುಳುಕನ್ನು ಮಾತಿನಿಂದ ಮುಚ್ಚಿಹಾಕುವುದು. ಸಾವಯವ ಎಂದ ಮಾತ್ರಕ್ಕೆ ಗೊಬ್ಬರದಿಂದ ಅನಿಲವೇ ಹೊರಡದೆಂದು ನಂಬಿಸುವುದು, ಹೊಲದ ಅನಿಲವನ್ನು ತೋರಿಸಿ ನಗರದ ಹೊಗೆಯನ್ನು ಮರೆಸುವುದು, ಇವೆರಡೂ ಆ ಅರ್ಥದಲ್ಲಿ ತಿಪ್ಪೆ ಸಾರಿಸುವ ಕೆಲಸಗಳೇ. ಅವನ್ನು ಬಿಟ್ಟು, ನಿಜವಾದ ತಿಪ್ಪೆಯನ್ನು ನಿಜವಾದ ಮಣ್ಣಿನಿಂದ ಸಾರಿಸಲು ರೈತನಿಗೆ ಬೇಕಾದ ಬಲ ಒದಗಿಸಬೇಕಾಗಿದೆ. ಮುಂದಿನ ಯುಗಾದಿಗೆ ಆ ಕೆಂಪು ಹೊಲಗಳ ಪಕ್ಕ ಹಾದುಹೋಗುವಾಗ ಘಾಟು ಕಡಿಮೆಯಾಗಿದ್ದರೆ, ಸಾರಜನಕ ರಾಗಿಯ ಬೇರಿಗೆ ತಲುಪುತ್ತಿದೆ ಎಂದು ತಿಳಿಯಬಹುದು.